ಕಲಬುರಗಿಯ ಲೋಕಲ್ ಗಾಡಿಗಳು, ಪಾಸಿನವರು ಮತ್ತು ರೈಲ್ವೆ ಸಿಬ್ಬಂದಿ

ಕಲಬುರಗಿಯಿಂದ ಶಹಾಬಾದ್, ವಾಡಿ, ಯಾದಗಿರಿ ಕಡೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುವವರ ಮಾತು ಯಾವುದರಿಂದ ಆರಂಭವಾದರೂ ಗಾಡಿ ಎಲ್ಲಿ ನಿಂತಿತು, ಏಕೆ ನಿಂತಿತು ಎಂಬಲ್ಲಿಗೇ ಬಂದು ಸೇರುತ್ತದೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿದ ಈ ಸೀಮೆಗೆ ರೈಲೇನೂ ಹೊಸದಲ್ಲ. ಮುಂಬೈ, ಬೆಂಗಳೂರು, ಹೈದರಾಬಾದಿನ ಎಕ್ಸ್‌ಪ್ರೆಸ್‌ಗಳೂ ಸಿಮೆಂಟ್ ತುಂಬಿದ ಗೂಡ್ಸ್ ಗಾಡಿಗಳೂ ಇದೇ ದಾರಿಯಲ್ಲಿ ಸಾಗಬೇಕಾದುದರಿಂದ, ಎಲ್ಲ ಸಣ್ಣ ಸ್ಟೇಷನ್‌ಗಳಲ್ಲೂ ನಿಲ್ಲುವ ಗಾಡಿಯೇ ಪಕ್ಕದ ಲೈನಿಗೆ ಸರಿದು ಉಳಿದವಕ್ಕೆ ದಾರಿ ಬಿಡಬೇಕಾಗುತ್ತದೆ. ಇದು ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಎಷ್ಟು ಹೊತ್ತು ನಿಲ್ಲುತ್ತದೆಂಬುದನ್ನು ಹೇಳದಿರುವುದು ಮಾತ್ರ ಖಂಡಿತ ಅನ್ಯಾಯ.

ಒಮ್ಮೆ ಒಂದು ಸಣ್ಣ ಸ್ಟೇಷನ್‌ನಲ್ಲಿ ಗಾಡಿ ಬಹಳ ಹೊತ್ತು ನಿಂತಾಗ, ಜಯದೇವ ಆಸ್ಪತ್ರೆಗೆ ಹೊರಟಿದ್ದ ವೃದ್ಧರೊಬ್ಬರು ಇಳಿದು ಬಸ್ಸು ಹಿಡಿಯಬೇಕೋ ಕೂತೇ ಇರಬೇಕೋ ತಿಳಿಯದೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಸಿಬ್ಬಂದಿಯನ್ನು ಕೇಳಿದರು. ಆತ ಹಿಂದಿಯಲ್ಲಿ ಏನೋ ಹೇಳಿ ನಡೆದುಬಿಟ್ಟ. ಅದೇ ಹೊತ್ತಿಗೆ ಹಿಂದಿನ ಡಬ್ಬಿಯಿಂದ ಇಳಿದು ಬಂದ ಗಾರ್ಡ್, ಎರಡು ಎಕ್ಸ್‌ಪ್ರೆಸ್ ದಾಟಬೇಕೆಂದೂ ಅಷ್ಟರಲ್ಲಿ ಚಹಾ ಕುಡಿದು ಬರಬಹುದೆಂದೂ ಹರಕು ಕನ್ನಡದಲ್ಲಿ ಹೇಳಿದರು. ಡಬ್ಬಿಯಲ್ಲಿ ಕುದಿಯುತ್ತಿದ್ದ ಸಿಟ್ಟು ಅಷ್ಟಕ್ಕೇ ಇಳಿಯಿತು. ಗಾಡಿಯೇನೂ ಬೇಗ ಹೊರಡಲಿಲ್ಲ, ನಿಜ.

ಟಿ.ಸಿ.ಗಳ ಬಗ್ಗೆ ಪಾಸಿನವರ ದೂರು ಹಳೆಯದು. ಮಂತ್ಲಿ ಪಾಸ್ ಇಟ್ಟುಕೊಂಡು ಸ್ಲೀಪರ್ ಡಬ್ಬಿ ಹತ್ತುವವರು ದಂಡ ತೆತ್ತ ಮೇಲೆ ಸಿಬ್ಬಂದಿಯನ್ನು ಬೈಯುವುದನ್ನು ನಾನು ಒಪ್ಪುವುದಿಲ್ಲ. ದೂರದಿಂದ ಬರ್ತ್ ಕಾಯ್ದಿರಿಸಿ ಬರುವವರ ಕಷ್ಟವನ್ನೂ ನೋಡಬೇಕು. ಆದರೆ ಜನರಲ್ ಡಬ್ಬಿಗಳಲ್ಲಿ ಕಾಲಿಡಲೂ ಜಾಗವಿಲ್ಲದಿರುವಾಗ ನಿಯಮ ಹೇಳುವ ಧಾಟಿಯಲ್ಲಿ ಸ್ವಲ್ಪ ಮೆತ್ತಗಿನ ಮಾತಿದ್ದರೆ ಯಾರ ಅಧಿಕಾರವೂ ಕಡಿಮೆಯಾಗದು. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ ಟಿಕೆಟ್ಟನ್ನು 30 ರೂಪಾಯಿ ಮಾಡಿದ್ದಾಗ, ಕೌಂಟರಿನವರು ದಿನವೂ ಬೈಗುಳ ಕೇಳಿದರು. ದರ ನಿಗದಿ ಮಾಡಿದವರು ಅವರಲ್ಲ. 2024ರಲ್ಲಿ ಅದು ಮತ್ತೆ 10 ರೂಪಾಯಿಗೆ ಇಳಿಯಿತು.

ನಿಜವಾದ ತೊಡಕು ಆಡಳಿತದ ಹಂಚಿಕೆಯಲ್ಲಿದೆ. ಕಲಬುರಗಿ ಸೇರಿರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ, ಬೀದರ್ ಸೇರಿರುವುದು ಸಿಕಂದರಾಬಾದ್ ವಿಭಾಗಕ್ಕೆ. ಯಾದಗಿರಿಯವರು ದಶಕಗಳಿಂದ ಮುಖ ನೋಡಿದ್ದು ಗುಂತಕಲ್ ವಿಭಾಗದ ಕಡೆಗೆ. ಹುಬ್ಬಳ್ಳಿಯಲ್ಲಿ 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇದ್ದರೂ ಈ ಮೂರು ಊರುಗಳು ಅದರ ವ್ಯಾಪ್ತಿಗೆ ಬರಲಿಲ್ಲ. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದ ಮೇಲೆ ಕಮಲಾಪುರ, ಹುಮನಾಬಾದಿನವರಿಗೂ ಕಲಬುರಗಿಗೆ ರೈಲು ಸಿಕ್ಕಿತು. ಆದರೆ ಆ ಗಾಡಿಯ ವೇಳೆ ಬದಲಿಸಿ ವಾಡಿ ಕಡೆಯ ಗಾಡಿಗೆ ಹೊಂದಿಸಿ ಎಂದು ಕೇಳಬೇಕೆಂದರೆ ಅರ್ಜಿಯನ್ನು ಎರಡು ದಿಕ್ಕಿಗೆ ಬರೆಯಬೇಕು. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ, 2014ರಲ್ಲಿ, ಕಲಬುರಗಿ ರೈಲ್ವೆ ವಿಭಾಗಕ್ಕೆ ಅಡಿಗಲ್ಲು ಬಿದ್ದಿತ್ತು. ಕಚೇರಿ ಮಾತ್ರ ಬರಲಿಲ್ಲ.

ವಿಭಾಗ ಬರುವವರೆಗೂ ಕಾಯಬೇಕಿಲ್ಲದ ಕೆಲಸವೊಂದಿದೆ. ಗಾಡಿ ಕ್ರಾಸಿಂಗಿಗೆ, ಅಂದರೆ ಬೇರೆ ಗಾಡಿಗೆ ದಾರಿ ಬಿಡಲು, ನಿಂತಾಗ ಸ್ಟೇಷನ್ ಮಾಸ್ತರರಿಗೆ ದಾಟಬೇಕಾದ ಗಾಡಿ ಎಲ್ಲಿದೆಯೆಂಬುದು ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಕಚೇರಿಯಿಂದ ಗೊತ್ತಾಗುತ್ತದೆ. ಅದನ್ನೇ ಮೈಕಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಸಬಹುದು. ಸದ್ಯಕ್ಕೆ ನಮ್ಮ ಪಾಸಿನವರು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಗಾಡಿಯ ಸಂಖ್ಯೆ ಮತ್ತು ನಿಂತ ಜಾಗದ ಸಮೇತ ಇದನ್ನೇ ದೂರಾಗಿ ದಾಖಲಿಸತೊಡಗಿದ್ದಾರೆ.