ಹಳೆ ಮಾತ್ರೆಗೆ ಮತ್ತೆ ಬುಲಾವ್

ಬ್ಯಾಕ್ಟೀರಿಯಾ ಕೊಲ್ಲುವ ಕೊಲಿಸ್ಟಿನ್ ಅನ್ನೋ ಔಷಧಿಯ ಕತೆ ಓದುತ್ತಾ ಕೂತಿದ್ದೆ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಎಂದು 1970ರ ದಶಕದಲ್ಲಿ ಅದನ್ನು ಮೂಲೆಗೆ ಹಾಕಿದ್ದರು. ಆಮೇಲೆ ಐಸಿಯುಗಳಲ್ಲಿ ಯಾವುದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಕಾಣಿಸಿಕೊಂಡವು. ಆಗ ಇದನ್ನೇ ಹುಡುಕಿ ತಂದರು. ಜಾಸ್ತಿ ಬಳಸದೆ ಬಿಟ್ಟಿದ್ದಕ್ಕೇ ಅದರ ಬಲ ಉಳಿದಿತ್ತು.

ತಮಾಷೆ ಏನಂದರೆ, ಮನುಷ್ಯರಿಗೆ ಬೇಡವಾದ ಅದೇ ಔಷಧಿಯನ್ನು ಕೋಳಿ, ಹಂದಿಗಳಿಗೆ ಧಾರಾಳವಾಗಿ ಕೊಡುತ್ತಿದ್ದರು. 2015ರಲ್ಲಿ ಚೀನಾದಿಂದ ಸುದ್ದಿ ಬಂತು: ಕೊಲಿಸ್ಟಿನ್ ತಡೆದುಕೊಳ್ಳುವ ಬಲವನ್ನು ಬ್ಯಾಕ್ಟೀರಿಯಾಕ್ಕೆ ಕೊಡುವ ಎಂಸಿಆರ್-1 ಜೀನ್ ಸಿಕ್ಕಿದೆ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಭಾರತ 2019ರಲ್ಲಿ ಕೋಳಿ, ಜಾನುವಾರು, ಸಿಗಡಿ ಸಾಕಣೆಗೆ ಅದನ್ನು ನಿಷೇಧಿಸಿತು. ಶೆಟ್ಲಿ, ಅಂದರೆ ಸಿಗಡಿ, ಇಲ್ಲದೆ ಊಟ ಸೇರದ ನಮ್ಮ ಕರಾವಳಿಯಲ್ಲಿ ಇದರ ಬಗ್ಗೆ ಯಾರೂ ಮಾತಾಡಿದ್ದು ನಾನಂತೂ ಕೇಳಿಲ್ಲ. ಶೆಟ್ಲಿಯ ರೇಟು ಮಾತ್ರ ಎಲ್ಲರಿಗೂ ಗೊತ್ತು ಬಿಡಿ.

ಇದೆಲ್ಲ ಓದಲು ಕಾರಣ ಅಂಕೋಲೆಯ ದೊಡ್ಡಮ್ಮ. ಉರಿಮೂತ್ರ ವಾಸಿಯಾಗದೆ, ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಾಟುತ್ತದೆಂದು ನೋಡುವ ಕಲ್ಚರ್ ಟೆಸ್ಟ್ ಮಾಡಿಸಿದರೆ, ರಿಪೋರ್ಟಿನಲ್ಲಿ ಸಾಲುಸಾಲು 'ಆರ್'. ಅಂದರೆ ಆ ಔಷಧಿಗಳು ನಾಟುವುದಿಲ್ಲ. ಕಿಡ್ನಿ ಟೆಸ್ಟ್ ನೋಡಿಕೊಂಡು ಡಾಕ್ಟರು ನೈಟ್ರೋಫುರಾಂಟಾಯಿನ್ ಬರೆದರು. 1950ರ ದಶಕದ ಮಾತ್ರೆ! ಅದು ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರದಲ್ಲಿ ಸೇರಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಒಂದೇ ಕಡೆ ಅಲ್ಲ, ಹಲವು ಕಡೆ ಏಟು ಹಾಕುತ್ತದೆ. ಅದಕ್ಕೇ ಇಷ್ಟು ವರ್ಷವಾದರೂ ಸುಲಭಕ್ಕೆ ಸೋತಿಲ್ಲ.

"ನನ್ನ ಪ್ರಾಯದ್ದೇ ಮಾತ್ರೆ, ನಂಗೆ ಹೊಂದತ್ತು ಬಿಡು" ಅಂದಳು ದೊಡ್ಡಮ್ಮ.