ಎಸ್‌ಕೆ-1ರೊಳಗೆ ಚೌಡಿಕೆ: ವಡಗಾವಿಯ ಮನೆಯಲ್ಲಿ ನಡೆದಿರುವ ಕೆಲಸದ ದಾಖಲೆ

ಜೂನ್ ಮೊದಲ ವಾರ

ನನ್ನ ಸೋದರಮಾವ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಕ್ಯಾಸಿಯೊ ಎಸ್‌ಕೆ-1 ಕೀಬೋರ್ಡು ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ ಹದಿನೈದು ವರ್ಷ ಮಲಗಿತ್ತು. 1980ರ ದಶಕದ ಮಧ್ಯದಲ್ಲಿ ಬಂದ ಈ ಪುಟ್ಟ ಯಂತ್ರಕ್ಕೆ 32 ಕೀಗಳಿವೆ, ಏಕಕಾಲಕ್ಕೆ ನಾಲ್ಕು ಸ್ವರಗಳಷ್ಟೇ ನುಡಿಯುತ್ತವೆ. ಆದರೆ ತನ್ನದೇ ಮೈಕಿನಿಂದ 1.4 ಸೆಕೆಂಡಿನಷ್ಟು ಧ್ವನಿಯನ್ನು ಹಿಡಿದಿಟ್ಟು ಅದನ್ನು ಎಲ್ಲ ಕೀಗಳ ಮೇಲೂ ನುಡಿಸುವ ಶಕ್ತಿ ಇದಕ್ಕಿದೆ. ಇದನ್ನು ದುರಸ್ತಿ ಮಾಡಿ, ಸ್ವಲ್ಪ ಮಾರ್ಪಡಿಸಿ, ನಮ್ಮ ಭಾಗದ ಚೌಡಿಕೆಯ ನಾದವನ್ನು ಇದರೊಳಗೆ ಹಾಯಿಸಿ ಒಂದು ಸ್ಯಾಂಪಲ್ ಪ್ಯಾಕ್, ಅಂದರೆ ಬೇರೆಯವರು ತಮ್ಮ ಸಂಗೀತದಲ್ಲಿ ಬಳಸಬಹುದಾದ ಬಿಡಿ ಧ್ವನಿಗಳ ಕಟ್ಟು, ಮಾಡಬೇಕೆಂಬುದು ನನ್ನ ಉದ್ದೇಶ. ಚೌಡಿಕೆಯನ್ನು ಒಳ್ಳೆಯ ಮೈಕಿನಿಂದ ನೇರವಾಗಿ ಧ್ವನಿಮುದ್ರಿಸುವುದು ಕಷ್ಟವಲ್ಲ. ಆದರೆ ಒಂದು ತಂತಿ, ಒಂದು ಚರ್ಮದ ಹೊದಿಕೆಯ ಆ ವಾದ್ಯದ ಒರಟು ನಾದಕ್ಕೂ ಈ ಯಂತ್ರದ ಒರಟು ಕಂಠಕ್ಕೂ ಹೊಂದಿಕೆಯಾಗುತ್ತದೆ ಎಂಬ ಊಹೆ ನನಗೆ ಬಹಳ ದಿನಗಳಿಂದ ಇತ್ತು.

ಮುಚ್ಚಳ ಬಿಚ್ಚಿದಾಗ ಬ್ಯಾಟರಿ ಗೂಡಿನ ಸ್ಪ್ರಿಂಗುಗಳು ಹಸಿರುಗಟ್ಟಿದ್ದವು. ಒಳಗೆ ಉಳಿದಿದ್ದವು ಹಳೆಯ ಜಿಂಕ್-ಕಾರ್ಬನ್ ಸೆಲ್ಲುಗಳು. ಅವುಗಳಿಂದ ಸೋರುವ ದ್ರವ ಆಮ್ಲೀಯವಾದದ್ದರಿಂದ ಅಡುಗೆ ಸೋಡಾದ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿದೆನು. ಆಲ್ಕಲೈನ್ ಸೆಲ್ ಸೋರಿದ್ದರೆ ಇದಕ್ಕೆ ವಿರುದ್ಧವಾಗಿ ವಿನೆಗರ್ ಅಥವಾ ನಿಂಬೆರಸ ಬಳಸಬೇಕು. ಕೀಗಳ ಕೆಳಗಿನ ಕರಿ ರಬ್ಬರಿನ ಸಂಪರ್ಕಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೆಲ್ಲಗೆ ಒರೆಸಿದರೆ ಸಾಕು, ಉಜ್ಜಿದರೆ ಮೇಲಿನ ಇಂಗಾಲದ ಪದರವೇ ಹೋಗುತ್ತದೆ. ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಿಸಿದ ಮೇಲೆ ಯಂತ್ರ ಮಾತನಾಡಿತು.

ಜೂನ್ ಕೊನೆ

ನಾನು ಮಾಡಿದ ಮುಖ್ಯ ಮಾರ್ಪಾಡು ಯಂತ್ರದ ಗಡಿಯಾರಕ್ಕೆ, ಅಂದರೆ ಚಿಪ್‌ಗೆ ಲಯ ಕೊಡುವ ಆಂದೋಲಕಕ್ಕೆ (ಆಸಿಲೇಟರ್), ಸಂಬಂಧಿಸಿದ್ದು. ಒಳಗಿನ ಚಿಪ್‌ನ ಎಲ್ಲ ಕೆಲಸವೂ ಒಂದೇ ಆಂದೋಲಕದ ಲಯಕ್ಕೆ ನಡೆಯುವುದರಿಂದ ಆ ಲಯವನ್ನು ತಗ್ಗಿಸಿದರೆ ಸ್ವರವಷ್ಟೇ ಇಳಿಯುವುದಿಲ್ಲ, ಧ್ವನಿಯನ್ನು ಹಿಡಿಯುವ ವೇಗವೂ ಇಳಿಯುತ್ತದೆ. ಮೂಲದಲ್ಲಿ ಇದು ಸೆಕೆಂಡಿಗೆ ಸುಮಾರು 9,380 ಬಾರಿ, 8 ಬಿಟ್‌ನಲ್ಲಿ ಧ್ವನಿಯನ್ನು ಅಳೆಯುತ್ತದೆ, ಪ್ರತಿ ಅಳತೆಗೆ ಒಂದು ಬೈಟ್. ಅಂದರೆ ಇಡೀ 1.4 ಸೆಕೆಂಡಿಗೆ ಹದಿಮೂರು ಸಾವಿರಕ್ಕೆ ತುಸು ಹೆಚ್ಚು ಬೈಟ್‌ಗಳು. ಇಂದು ಫೋನಿನಲ್ಲಿ ತೆಗೆಯುವ ಒಂದು ಚಿತ್ರ ಇದರ ನೂರಾರು ಪಟ್ಟು ಜಾಗ ಹಿಡಿಯುತ್ತದೆ. ಗಡಿಯಾರವನ್ನು ಅರ್ಧಕ್ಕೆ ಇಳಿಸಿದರೆ ಅಷ್ಟೇ ನೆನಪಿನಲ್ಲಿ 2.8 ಸೆಕೆಂಡು ಹಿಡಿಸುತ್ತದೆ, ಆದರೆ ದಾಖಲಾಗಬಲ್ಲ ಅತಿ ಎತ್ತರದ ಕಂಪನ ಸುಮಾರು 4.7 ಕಿಲೋಹರ್ಟ್ಸ್‌ನಿಂದ 2.3ಕ್ಕೆ ಕುಸಿಯುತ್ತದೆ. ಮಾತಿನಲ್ಲಿ ಸಕಾರ ಶಕಾರಗಳು ಅಳಿಸಿಹೋಗುತ್ತವೆ. ಚೌಡಿಕೆಯ ತಂತಿಯ ಗುಂಯ್‌ಗುಡುವಿಕೆ ಮಾತ್ರ ಉಳಿಯುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಇದಕ್ಕಾಗಿ ಎಲ್‌ಟಿಸಿ1799 ಎಂಬ ಆಂದೋಲಕ ಚಿಪ್ ಕೂರಿಸಿದೆನು. ಒಂದೇ ರೆಸಿಸ್ಟರಿನಿಂದ ಇದರ ವೇಗವನ್ನು ಹೊಂದಿಸಬಹುದಾದ್ದರಿಂದ ಅದರ ಜಾಗದಲ್ಲಿ ತಿರುಗುಣಿಯನ್ನು ಹಾಕಿದರೆ ಮುಗಿಯಿತು. ಐದು ಸೆಲ್ಲುಗಳ 7.5 ವೋಲ್ಟನ್ನು ಇದಕ್ಕೆ ನೇರವಾಗಿ ಕೊಡುವಂತಿಲ್ಲ, ಚಿಪ್‌ನ ಮಿತಿ 5.5 ವೋಲ್ಟ್, ಅದನ್ನು ಮೀರಿದರೆ ಹಾಳಾಗಬಹುದು. ಆದ್ದರಿಂದ 5 ವೋಲ್ಟಿನ ಎಲ್‌ಪಿ2950 ರೆಗ್ಯುಲೇಟರನ್ನು ನಡುವೆ ಇಟ್ಟೆನು. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮೂಲ ಆಂದೋಲಕದ ಸುರುಳಿಯನ್ನು ಬೋರ್ಡಿನಿಂದ ಬೇರ್ಪಡಿಸದೆಯೇ ಹೊಸದನ್ನು ಬೆಸೆದಿದ್ದೆನು, ಎರಡು ಲಯಗಳು ಒಂದರೊಡನೊಂದು ಸೆಣಸಿ ಯಂತ್ರ ಬರೀ ಗೊರಗೊರ ಎನ್ನುತ್ತಿತ್ತು. ಎರಡು ಸಂಜೆ ಹುಡುಕಿದರೂ ತಿಳಿಯದೆ ಖಡೇಬಜಾರಿನ ಬಳಿ ರೇಡಿಯೊ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಒಂದು ನಿಮಿಷ ನೋಡಿ, "ಹಳೇದನ್ನ ಬಿಡಸದ ಹೊಸದ ಹಚ್ಚೀರಲ್ರೀ, ಎರಡೂ ಜಗಳಾ ಮಾಡಾಕತ್ತಾವ" ಎಂದರು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಸರ್ಕ್ಯೂಟ್ ಬೆಂಡಿಂಗ್ ಎಂದರೆ ಆಟಿಕೆ ಯಂತ್ರದ ಒಳತಂತಿಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಿ ಹೊಸ ಸದ್ದು ಹೊರಡಿಸುವ ಪದ್ಧತಿ. ಅಮೆರಿಕದ ರೀಡ್ ಗಝಾಲಾ 1960ರ ದಶಕದಲ್ಲಿ ಇದನ್ನು ಆಕಸ್ಮಿಕವಾಗಿ ಕಂಡುಕೊಂಡವರು. ಎಸ್‌ಕೆ-1 ಈ ಪ್ರಯೋಗಕ್ಕೆ ಬಹಳ ಒಗ್ಗುವ ಯಂತ್ರ. ನೆನಪಿನ ಚಿಪ್‌ನ ಎಂಟು ದತ್ತಾಂಶ ಗೆರೆಗಳಿಂದ ಎಂಟು ತಂತಿ ಎಳೆದು, ಪ್ರತಿಯೊಂದಕ್ಕೂ 1 ಕಿಲೊ ಓಮ್ ರೆಸಿಸ್ಟರ್ ಹಾಕಿ, ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ರಂಧ್ರ ಕೊರೆಸಿದ ಅಲ್ಯುಮಿನಿಯಂ ಪಟ್ಟಿಯ ಮೇಲೆ ಸಾಕೆಟ್‌ಗಳನ್ನು ಕೂರಿಸಿದೆನು. ಆದರೆ ಪ್ಯಾಕ್‌ನಲ್ಲಿ ಇದನ್ನು ಬಳಸಿಲ್ಲ. ಎರಡು ಗೆರೆ ಕೂಡಿಸಿದೊಡನೆ ಬರುವ ಚೀರಾಟ ಯಾವ ಧ್ವನಿಯನ್ನು ತುಂಬಿದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಅದರಲ್ಲಿ ಚೌಡಿಕೆ ಉಳಿಯುವುದಿಲ್ಲ.

ಜುಲೈ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ, ನಮ್ಮ ಓಣಿಯ ಎಲ್ಲರೂ ಅವ್ವ ಎಂದು ಕರೆಯುವ ಜೋಗತಿಯೊಬ್ಬರು ತಮ್ಮ ಚೌಡಿಕೆಯನ್ನು ನುಡಿಸಿಕೊಡಲು ಒಪ್ಪಿದರು. ಅವರ ಸಂಭಾವನೆಯನ್ನು ಮೊದಲೇ ಕೊಟ್ಟು, ಈ ಧ್ವನಿಗಳನ್ನು ಬೇರೆಯವರು ತಮ್ಮ ಸಂಗೀತದಲ್ಲಿ ಬಳಸುತ್ತಾರೆಂಬುದನ್ನು ವಿವರಿಸಿ ಹೇಳಿದೆನು. ಅವರದು ಒಂದೇ ಷರತ್ತು: "ಬರೇ ಬಾರ್ಸೂದು ತಗೋ ತಮ್ಮಾ, ತಾಯಿ ಹಾಡು ಅದರಾಗ ತುಂಬಬ್ಯಾಡ." ಹಾಗೆಯೇ ಹನ್ನೆರಡು ಬಗೆಯ ಮಿಡಿತಗಳನ್ನು ಮಾತ್ರ ತೆಗೆದುಕೊಂಡೆವು. ತಂತಿಯನ್ನು ಬಿಗಿದು ಸಡಿಲಿಸಿದಾಗ ಸ್ವರ ಜಾರುವ ಮಿಡಿತ 1.4 ಸೆಕೆಂಡಿನಲ್ಲಿ ಮುಗಿಯುವುದಿಲ್ಲ. ಅಂಥವನ್ನು ಅರ್ಧ ಲಯದ ಗಡಿಯಾರದಲ್ಲಿ ಹಿಡಿದೆನು.

8 ಬಿಟ್‌ನಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ನಡುವಿನ ಅಂತರ ಸುಮಾರು 48 ಡೆಸಿಬೆಲ್ ಮಾತ್ರ. ಒಳಗೆ ಕಳಿಸುವ ಧ್ವನಿ ಕಡಿಮೆಯಾದರೆ ಮಿಡಿತದ ಬಾಲವೆಲ್ಲ ಮರಳಿನ ಸದ್ದಿನಲ್ಲಿ ಮುಳುಗುತ್ತದೆ, ಹೆಚ್ಚಾದರೆ ಪೆಟ್ಟಿನ ತುದಿ ಒಡೆಯುತ್ತದೆ. ಒಂದೊಂದು ಮಿಡಿತಕ್ಕೂ ಇಪ್ಪತ್ತು ಮೂವತ್ತು ಬಾರಿ ಪ್ರಯತ್ನಿಸಬೇಕಾಯಿತು, ಮತ್ತು ಸ್ವಿಚ್ ಆರಿಸಿದರೆ ನೆನಪು ಅಳಿಯುವುದರಿಂದ ಒಳ್ಳೆಯದು ಸಿಕ್ಕಿದ ಕೂಡಲೇ 32 ಕೀಗಳನ್ನೂ ಒಂದೇ ಸಮ ಮುದ್ರಿಸಿಕೊಳ್ಳಬೇಕಿತ್ತು.

ಮೂರು ಕೀಗಳಿಗೆ ಒಂದರಂತೆ ಮುದ್ರಿಸಿ ಉಳಿದವನ್ನು ಸಾಫ್ಟ್‌ವೇರಿಗೆ ಬಿಡುವುದು ರೂಢಿ. ನಾನು ಅದನ್ನು ಒಪ್ಪುವುದಿಲ್ಲ. ಈ ಯಂತ್ರದಲ್ಲಿ ಮೂಲ ನಾದದ ಜೊತೆ ಹುಟ್ಟುವ ಸುಳ್ಳು ಸ್ವರಗಳು ಪ್ರತಿ ಕೀಗೂ ಬೇರೆ ಬೇರೆ ಕಡೆ ಬೀಳುತ್ತವೆ, ಕೆಲವು ಕೀಗಳಲ್ಲಿ ಗೆಜ್ಜೆ ಅಲುಗಿದಂತೆ, ಕೆಲವುಗಳಲ್ಲಿ ತಗಡು ಕೆರೆದಂತೆ. ಕಂಪ್ಯೂಟರಿನಲ್ಲಿ ಸ್ವರ ಏರಿಸಿದರೆ ಅವೂ ಒಟ್ಟಿಗೆ ಏರಿ ಆ ವೈವಿಧ್ಯವೇ ಕಳೆದುಹೋಗುತ್ತದೆ. ಹೀಗಾಗಿ ಹನ್ನೆರಡು ಮಿಡಿತಗಳಿಗೆ 384 ಫೈಲುಗಳಾದವು; ಎಲ್ಲವೂ 24 ಬಿಟ್, 48 ಕಿಲೋಹರ್ಟ್ಸ್.

ವಡಗಾವಿಯಲ್ಲಿ ಧ್ವನಿಮುದ್ರಣ ಮಾಡುವುದೆಂದರೆ ವಿದ್ಯುತ್ ಮಗ್ಗಗಳೊಡನೆ ಹೊಂದಿಕೊಳ್ಳುವುದು. ಪಕ್ಕದ ಗೋಡೆಯಿಂದ ಲಾಳಿಯ ಹೊಡೆತ ಕೇಳುವುದಲ್ಲದೆ, ಮೋಟಾರುಗಳು ಶುರುವಾದಾಗಲೆಲ್ಲ ಕರೆಂಟಿನ ತಂತಿಯಲ್ಲಿ ಚಿಟಪಟ ಸದ್ದು ಸೇರಿಕೊಳ್ಳುತ್ತಿತ್ತು. ಅಡಾಪ್ಟರ್ ಬಿಟ್ಟು ಯಂತ್ರವನ್ನು ಸೆಲ್ಲಿನ ಮೇಲೆ, ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೆ ನಡೆಸಿದಾಗ 50 ಹರ್ಟ್ಸ್‌ನ ಗುಂಗೂ ಹೋಯಿತು. ಮಗ್ಗಗಳು ನಿಂತ ಮೇಲೆ, ರಾತ್ರಿ ಹನ್ನೊಂದರ ನಂತರ, ಮಳೆ ಬಿಡುವು ಕೊಟ್ಟ ದಿನಗಳಲ್ಲಷ್ಟೇ ಚೌಡಿಕೆಯನ್ನು ಮೈಕಿನ ಮುಂದಿಟ್ಟೆವು. ತೇವಕ್ಕೆ ಚರ್ಮ ಸಡಿಲಾಗುವುದರಿಂದ ಅವ್ವ ಅದನ್ನು ಪ್ರತಿ ಸಲವೂ ಒಲೆಯ ಕಾವಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಿದ್ದರು. ಎಸ್‌ಕೆ-1ರ ಸ್ವಂತ ಮರಮರ ಸದ್ದನ್ನು ಮಾತ್ರ ನಾನು ತೆಗೆಯಲಿಲ್ಲ. ಬೇಡವಾದವರು ಕಳೆದುಕೊಳ್ಳಲೆಂದು ಯಂತ್ರ ಸುಮ್ಮನಿದ್ದಾಗಿನ ಹತ್ತು ಸೆಕೆಂಡುಗಳ ಫೈಲನ್ನು ಪ್ರತ್ಯೇಕವಾಗಿ ಇಟ್ಟಿದ್ದೇನೆ.

ಆಗಸ್ಟ್ ಎರಡನೇ ವಾರ

ಫೈಲುಗಳಿಗೆ ಹೆಸರು ಕೊಟ್ಟು, ಪ್ರತಿಯೊಂದರ ಆರಂಭವನ್ನು ಕತ್ತರಿಸಿ ಸರಿಪಡಿಸಿದ ಮೇಲೆ ಎಲ್ಲವನ್ನೂ ಮೆಮೊರಿ ಕಾರ್ಡಿಗೆ ಹಾಕಿ ಅವ್ವನ ಮನೆಗೆ ಒಯ್ದೆನು. ಅವರು ಅರ್ಧ ಗಂಟೆ ಮೊಮ್ಮಗಳ ಫೋನಿನಲ್ಲಿ ಕೇಳಿದರು. ಕೆಳಗಿನ ಕೀಗಳ ನಾದ ಅವರಿಗೆ ಬಹಳ ಹಿಡಿಸಿತು, ತಮ್ಮ ಗುರುವಿನ ದೊಡ್ಡ ಚೌಡಿಕೆ ಹೀಗೆಯೇ ನುಡಿಯುತ್ತಿತ್ತೆಂದರು. ಏಳನೆಯ ಮಿಡಿತಕ್ಕೆ ಬಂದಾಗ ಕೈ ಅಡ್ಡ ಹಿಡಿದು, ಅದು ತಾವು ದೇವಿಗೆ 'ಉಧೋ' ಎನ್ನುವ ಮುಂಚೆ ಹಾಕುವ ಪೆಟ್ಟೆಂದೂ, ಮಾತಿನ ಭರದಲ್ಲಿ ಕೈ ತಾನಾಗಿ ಹಾಕಿಬಿಟ್ಟಿತೆಂದೂ, ಅದು ಹೊರಗೆ ಹೋಗಬಾರದೆಂದೂ ಹೇಳಿದರು. ಅಲ್ಲಿಯೇ ಕುಳಿತು ಅದರ 32 ಫೈಲುಗಳನ್ನು ಅಳಿಸಿದೆನು, ಮನೆಗೆ ಬಂದು ಮೂಲ ಮುದ್ರಣವನ್ನೂ ಅಳಿಸಿದೆನು. ಪ್ಯಾಕ್‌ನಲ್ಲಿ ಈಗ 352 ಫೈಲುಗಳಿವೆ, ಏಳನೆಯ ಸಂಖ್ಯೆಯನ್ನು ಖಾಲಿ ಬಿಟ್ಟಿದ್ದೇನೆ.