ಸೈಲೆನ್ಸರ್ ಕೆಲಸ: ಎರಡನೇ ಸ್ಟಡ್ ಕೊನೆಗೂ ಬಿಟ್ಟಿತು!

ಏಳು ಸೀಟಿನ ಡೀಸೆಲ್ ಗಾಡಿಯ ಹಳೇ ಸೈಲೆನ್ಸರ್ ಕೆಳಗಿಳಿಯಿತು. ಸ್ಟೆಪ್ನಿ ಇಳಿಸುವುದು, ಹ್ಯಾಂಗರ್ ರಬ್ಬರಿಗೆ ಸೋಪಿನ ನೀರು ಬಿಟ್ಟು ಜಾರಿಸುವುದು ಎಲ್ಲರಿಗೂ ಗೊತ್ತು. ಮೂರು ಭಾನುವಾರ ನುಂಗಿದ್ದು ಫ್ಲಾಂಜಿನ (ಪೈಪುಗಳು ಸೇರುವ ಕಡೆಯ ದಪ್ಪ ತಟ್ಟೆ) ಎರಡು ಸ್ಟಡ್ (ತಲೆಯಿಲ್ಲದ ಬೋಲ್ಟ್), ಆದ್ದರಿಂದ ಅದನ್ನೇ ಬರೆಯುತ್ತೇನೆ.

10 ಎಂಎಂ ಸ್ಟಡ್, 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ, ಎಂಎಂನಲ್ಲಿ), 14ರ ನಟ್. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ ಸಂದಿಯಲ್ಲಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಸೈಲೆನ್ಸರ್ ಕೊಳೆತದ್ದೂ ನೀರಿನಿಂದಲೇ. ಬೆಂಗಳೂರಿನ ಜಯನಗರದಿಂದ ಪಕ್ಕದ ಬಸವನಗುಡಿಗೆ ಹೋಗಿಬರುವ ಓಡಾಟದಲ್ಲಿ ಹಿಂದಿನ ಪೈಪು ಸರಿಯಾಗಿ ಕಾಯುವುದೇ ಇಲ್ಲ. ಹೊಗೆಯ ಜೊತೆ ಬಂದ ನೀರಾವಿ ಒಳಗೇ ತಣಿದು ನಿಲ್ಲುತ್ತದೆ.

ಮೊದಲನೇ ಸ್ಟಡ್ ಮುರಿಯಿತು. 12 ಮೂಲೆಯ ಸಾಕೆಟ್ ನಟ್ಟನ್ನು ಉರುಟು ಮಾಡಿತ್ತು. 6 ಮೂಲೆಯದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಉದ್ದ ಪೈಪು ಹಾಕಿ ಎಳೆದದ್ದು ತಪ್ಪು. ನಟ್ ಇದ್ದಕ್ಕಿದ್ದಂತೆ ಮೆತ್ತಗೆ, ರಬ್ಬರಿನ ಹಾಗೆ ತಿರುಗಿದರೆ ಕೈ ಬಿಡಿ. ಆಗ ತಿರುಚಿಕೊಳ್ಳುತ್ತಿರುವುದು ಸ್ಟಡ್.

ಎರಡನೆಯದನ್ನು ಗೆದ್ದದ್ದು ಮೇಣದಬತ್ತಿ! ಮೊದಲು ತುಕ್ಕು ಬಿಡಿಸುವ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು, ಇಲ್ಲವಾದರೆ ಬೆಂಕಿ ಹತ್ತುತ್ತದೆ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪುಗಳ ಕಡೆಗೆ ತಗಡು ಅಡ್ಡ ಇಟ್ಟು, ಪಕ್ಕದಲ್ಲಿ ಅಗ್ನಿಶಾಮಕ ಇಟ್ಟುಕೊಳ್ಳಿ. ಅಡುಗೆಮನೆಯ ಬ್ಯೂಟೇನ್ ಟಾರ್ಚ್ ಸಾಲದು, ದಪ್ಪ ಫ್ಲಾಂಜ್ ಕಾವನ್ನೆಲ್ಲ ಹೀರುತ್ತದೆ. ಗ್ಯಾಸ್ ವೆಲ್ಡಿಂಗ್ ಸೆಟ್ಟಿನಿಂದ ನಟ್ಟನ್ನು ಮಾತ್ರ ಮಂದ ಕೆಂಪಿಗೆ ಕಾಯಿಸಿ, ಕೆಂಪು ಆರಿದ ಮೇಲೆ ಮೇಣ ತಾಗಿಸಿದರೆ ಥ್ರೆಡ್ ಅದನ್ನು ಹೀರಿಕೊಳ್ಳುತ್ತದೆ. ಮೊದಲು ಚೂರು ಬಿಗಿಸಿ, ಆಮೇಲೆ ಸಡಿಲಿಸಿ; ಸುತ್ತಿನ ಎಂಟನೇ ಒಂದು ಭಾಗದಷ್ಟು ಹಿಂದೆ ಮುಂದೆ. ಕಿರ್ರ್ ಎಂದು ಬಂದೇಬಿಟ್ಟಿತು.

ಮುರಿದ ಸ್ಟಡ್ಡಿಗೆ ಸರಿಯಾಗಿ ಮಧ್ಯದಲ್ಲಿ ಪಂಚ್ ಹೊಡೆದು 3, 6, 8.8 ಎಂಎಂ ಡ್ರಿಲ್, ಆಮೇಲೆ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ಎಂದು ಲೆಕ್ಕ ಹಾಕಿದ್ದು. ಬಿಟ್ ಓರೆಯಾಯಿತು. ಹಾಗಾಗಿ 10.5ಕ್ಕೆ ಆರಪಾರ ಕೊರೆದು, ಎಸ್‌ಪಿ ರೋಡಿನಿಂದ ತಂದ 8.8 ಗ್ರೇಡಿನ (ಇದು ಅಳತೆಯಲ್ಲ, ಗಟ್ಟಿತನದ ಗುರುತು) ಬೋಲ್ಟ್ ಹಾಕಿದ್ದಾಯಿತು. ಒಳಗೆ ನೈಲಾನ್ ಇರುವ ಲಾಕ್‌ನಟ್ ಇಲ್ಲಿ ಬೇಡವೇ ಬೇಡ, ಕಾವಿಗೆ ಕರಗಿಹೋಗುತ್ತದೆ. ಪೂರ್ತಿ ಲೋಹದ್ದೇ ಇರಲಿ, ಥ್ರೆಡ್ಡಿಗೆ ಮತ್ತೆ ಕಚ್ಚಿಕೊಳ್ಳದ ಹಾಗೆ ತಾಮ್ರದ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿ.

ಜೆಸಿ ರೋಡಿನ ಒಂದು ಅಂಗಡಿಯ ಮೇಲೆ ನಿಜಕ್ಕೂ ಸಿಟ್ಟಿದೆ. ಫ್ಲಾಂಜಿನ ಸಂದಿ ಮುಚ್ಚುವ ಹಳೇ ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ತೋರಿಸಿದರೂ ತೂತುಗಳ ಅಂತರ 4 ಎಂಎಂ ತಪ್ಪಿದ್ದನ್ನು ಕೊಟ್ಟರು. '304 ಸ್ಟೀಲ್' (ಮ್ಯಾಗ್ನೆಟ್ ಅಂಟದ ಸ್ಟೇನ್‌ಲೆಸ್) ಎಂದ ಸೈಲೆನ್ಸರಿಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿತು. ಅದು 409 (ಮ್ಯಾಗ್ನೆಟ್ ಅಂಟುವ, ಅಗ್ಗದ ಸ್ಟೇನ್‌ಲೆಸ್) ಆಗಿದ್ದರೂ ಈ ಕೆಲಸಕ್ಕೆ ಸಾಕು, ಆದರೆ 304ರ ದರ ಯಾಕೆ ಕೊಡಬೇಕು? ಮ್ಯಾಗ್ನೆಟ್ ಅಂಟಲಿಲ್ಲ ಎಂದ ಮಾತ್ರಕ್ಕೂ 304 ಎಂದು ನಂಬಬೇಡಿ, ಅಗ್ಗದ 201ಕ್ಕೂ ಅಂಟುವುದಿಲ್ಲ.

ಸ್ಟೆಪ್ನಿ ಇಳಿದಾಗ ಚಾಸಿಯ ಅಡ್ಡ ತೊಲೆ ಕ್ರಾಸ್ ಮೆಂಬರಿನ ಮೇಲೆ ಪದರ ಪದರ ತುಕ್ಕು ಕಂಡಿತು. ಮಳೆಗಾಲಕ್ಕೆ ಮುಂಚೆ ವೈರ್ ಬ್ರಷ್, ಎಪಾಕ್ಸಿ ಪ್ರೈಮರ್, ಚಾಸಿ ಪೇಂಟ್. ಡಬ್ಬಿಗಳು ಆಗಲೇ ಬಂದಿವೆ.

ಹೊಸದನ್ನು ಕೂರಿಸುವಾಗ ಎಲ್ಲ ನಟ್ ಸಡಿಲವಾಗಿಯೇ ಇರಲಿ. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗ ಹಿಂದಿನ ಆಕ್ಸಲ್ ಜೋತುಬಿದ್ದಿರುತ್ತದೆ, ಪೈಪಿಗೆ ಬೇಕಾದಷ್ಟು ಜಾಗ ಇರುವ ಹಾಗೆ ಕಾಣುತ್ತದೆ. ಚಕ್ರದ ಮೇಲೆ ಭಾರ ಬಿಟ್ಟು, ಅಂತರ ನೋಡಿ, ಆಮೇಲೆ ಎರಡೂ ಕಡೆ ಸಮನಾಗಿ ಬಿಗಿಸಿ. ಬಯಲಿನಲ್ಲಿ ಐಡಲ್ ಬಿಟ್ಟು, ಪೈಪಿನ ತುದಿಗೆ ಒಂದು ಕ್ಷಣ ದಪ್ಪ ಬಟ್ಟೆ ಒತ್ತಿದಾಗ ಫ್ಲಾಂಜಿನಲ್ಲಿ ಪುಸ್ ಸದ್ದಿಲ್ಲ. ತುಮಕೂರಿಗೆ ಒಮ್ಮೆ ಹೋಗಿಬಂದು, ತಣ್ಣಗಾದ ಮೇಲೆ ಇನ್ನೊಂದು ಸಲ ಬಿಗಿಸುವುದು ಬಾಕಿ.